ಎದೆಯ ನಡುವೆ ನಿಂತ ಮಾತ್ರೆ

ಆ ಹೆಣ್ಣುಮಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಒಂದು ಹಿತ್ತಾಳೆ ಲೋಟ ಹಿಡಿದಿದ್ದಳು. ಆಗಾಗ ನಿಂತು ಅದರೊಳಕ್ಕೆ ಉಗುಳುತ್ತಿದ್ದಳು. ಬಾಯಿಯಲ್ಲಿ ಊರುವ ಜೊಲ್ಲನ್ನೂ ನುಂಗಲು ಆಕೆಗೆ ಆಗುತ್ತಿರಲಿಲ್ಲ. ಒಮ್ಮೆ ಮರೆತು ನುಂಗಿದಳು. ನುಂಗಿದ ಕೂಡಲೇ ಎದೆಯನ್ನು ಅಮುಕಿ ಹಿಡಿದು ಮೆಟ್ಟಿಲ ಮೇಲೆಯೇ ಕುಸಿದು ಕೂತಳು.

ನಾನು ಆಗ ಮಾಯಸಂದ್ರದ ಆಚೆಗಿನ ಒಂದು ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿ ಇದ್ದದ್ದು ಒಂದು ಪರೀಕ್ಷೆಯ ಕೋಣೆ, ಕೆಲವೇ ಹಾಸಿಗೆಗಳ ವಾರ್ಡು, ಮೂತ್ರ ಪರೀಕ್ಷೆಗೆ ಒಂದು ಸ್ಪಿರಿಟ್ ದೀಪ, ನಾನು ಮತ್ತು ಅನುಭವಸ್ಥೆಯಾದ ಒಬ್ಬ ನರ್ಸ್. ಎಕ್ಸ್‌ರೇ ಬೇಕಾದರೆ ತಿಪಟೂರಿಗೋ ತುಮಕೂರಿಗೋ ಹೋಗಬೇಕಿತ್ತು.

ಆಕೆಯ ಜೊತೆ ಗಂಡ ಮತ್ತು ಅತ್ತೆ ಬಂದಿದ್ದರು. ತೆಂಗಿನ ತೋಟವಿದ್ದ ಮನೆ. ಗಂಡ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ. ಲಾರಿಯ ಜೊತೆ ಉತ್ತರದ ಊರುಗಳವರೆಗೆ ಹೋಗಿ ಸರಕು ಇಳಿಸಿ ಬರುವುದು ಅವನ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ನಾನು ಆಕೆಯನ್ನು ಕೇಳಿದೆ: "ಏನಾಗ್ತಿದೆಯಮ್ಮ?"

ಉತ್ತರ ಗಂಡನಿಂದ ಬಂತು. "ಬೆಳಿಗ್ಗೆ ಎದ್ದಾಗಿಂದ ಎದೆಯೊಳಗೆ ಕೆಂಡ ಇಟ್ಟಂಗಾಗುತ್ತೆ ಅಂತಾಳೆ ಡಾಕ್ಟ್ರೇ. ನೀರೂ ಇಳೀತಿಲ್ಲ."

"ರಾತ್ರಿ ಏನು ಊಟ ಮಾಡಿದ್ರಿ?"

ಅದಕ್ಕೂ ಅವನೇ. "ಎಲ್ರೂ ತಿಂದಿದ್ದೇ ಇವ್ಳೂ ತಿಂದಿರೋದು. ಮುದ್ದೆ, ಸೊಪ್ಪಿನ ಸಾರು."

"ಮಾತ್ರೆ ಏನಾದ್ರೂ ನುಂಗಿದ್ರಾ?"

"ಇಲ್ಲ ಇಲ್ಲ. ನಮ್ಮನೇಲಿ ಯಾರೂ ಮಾತ್ರೆಗೀತ್ರೆ ಮುಟ್ಟಲ್ಲ."

ಪ್ರಶ್ನೆ ನನ್ನ ಬಾಯಿಯಿಂದ ಪೂರ್ತಿ ಹೊರಡುವ ಮೊದಲೇ ಉತ್ತರ ಬಂದಿತ್ತು. ಅದು ನನಗೆ ಸರಿ ಕಾಣಲಿಲ್ಲ. ಆದರೆ ಆ ಹೊತ್ತಿಗೆ ನನ್ನ ಗಮನ ಅತ್ತೆಯ ಕಡೆಗೆ ಹೊರಳಿತ್ತು. ಆಕೆ ಹತ್ತಿರ ಬಂದಾಗ ಸೀರೆಯಿಂದ ಗಮಾಕ್ಸಿನ್ ಪುಡಿಯ ವಾಸನೆ ಮೂಗಿಗೆ ಅಡರಿತು. ತೆಂಗಿನ ಸುಳಿ ಕೊರೆಯುವ ದುಂಬಿಗೆ ಮರಳಿನಲ್ಲಿ ಬೆರೆಸಿ ಹಾಕುವ ವಿಷದ ಪುಡಿ ಅದು. ಆ ಸೀಮೆಯಲ್ಲಿ ತೋಟವಿದ್ದವರ ಮನೆಗಳಲ್ಲೆಲ್ಲ ಒಂದು ಡಬ್ಬ ಇರುತ್ತಿತ್ತು.

ಅತ್ತೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಬದುಕ್ತಾಳಾ ಇಲ್ವಾ ಡಾಕ್ಟ್ರಮ್ಮ? ಇಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬುಡಿ. ಇವ್ಳ ಅಣ್ಣಂಗೆ ನಾನು ಉತ್ರ ಕೊಡ್ಬೇಕು."

ಸೊಸೆ ನರಳುತ್ತಿರುವಾಗ ಈ ಮಾತು ನನಗೆ ಕಲ್ಲಿನಂತೆ ಕೇಳಿಸಿತು. ಅಲ್ಲಿಂದ ಮುಂದೆ ಆಕೆಯ ಪ್ರತಿಯೊಂದು ಚಲನೆಯನ್ನೂ ನಾನು ಅನುಮಾನದಿಂದಲೇ ನೋಡತೊಡಗಿದೆ. ರಾತ್ರಿ ಉಂಡ ತಟ್ಟೆ, ಸಾರಿನ ಪಾತ್ರೆ ಎಲ್ಲಿ ಎಂದು ಕೇಳಿದೆ. "ಬೆಳಿಗ್ಗೆನೇ ತೊಳ್ದಿಟ್ಟೆ" ಎಂದಳು. ಎಲ್ಲ ಮನೆಗಳಲ್ಲೂ ಬೆಳಿಗ್ಗೆಯೇ ತೊಳೆಯುತ್ತಾರೆ. ಆದರೂ ಆ ಮಾತು ಮನಸ್ಸಿನಲ್ಲಿ ಚುಚ್ಚಿಕೊಂಡು ಕೂತಿತು.

ಸೊಸೆಯನ್ನು ಮಂಚದ ಮೇಲೆ ಕೂರಿಸಿ ಪರೀಕ್ಷಿಸಿದೆ. ಆಸಿಡ್ಡೋ ಕಾಸ್ಟಿಕ್ ಸೋಡವೋ ಕುಡಿದಿದ್ದರೆ ತುಟಿ, ನಾಲಗೆ, ಗಂಟಲು ಬೆಂದು ಬೆಳ್ಳಗಾಗಿರಬೇಕು. ಟಾರ್ಚ್ ಬಿಟ್ಟು ನೋಡಿದರೆ ಎಲ್ಲೂ ಒಂದು ಗುಳ್ಳೆ ಇಲ್ಲ. ಗಮಾಕ್ಸಿನ್ ಆಗಿದ್ದರೆ ಕೈಕಾಲು ಅದುರಬೇಕು, ಫಿಟ್ಸ್ ಬರಬೇಕು. ಅದೂ ಇಲ್ಲ. ಕಣ್ಣಿನ ಪಾಪೆ ಸರಿಯಾಗಿತ್ತು. ಉಸಿರಿನಲ್ಲಿ ಯಾವ ವಾಸನೆಯೂ ಇರಲಿಲ್ಲ. ನೋವು ಎಲ್ಲಿ ಎಂದು ಕೇಳಿದಾಗ ಆಕೆ ಹೊಟ್ಟೆಯ ಮೇಲೆ ಕೈಯಾಡಿಸಲಿಲ್ಲ. ಎದೆಮೂಳೆಯ ನಡುಮಧ್ಯ ಒಂದೇ ಬೆರಳನ್ನು ಇಟ್ಟು ತೋರಿಸಿದಳು. ಎಷ್ಟು ಸಲ ಕೇಳಿದರೂ ಬೆರಳು ಅದೇ ಜಾಗಕ್ಕೆ ಹೋಗುತ್ತಿತ್ತು.

ವಿಷ ಹೀಗೆ ಒಂದೇ ಬೆರಳಗಲದ ಜಾಗವನ್ನು ಆರಿಸಿಕೊಳ್ಳುವುದಿಲ್ಲ.

ಅಷ್ಟರಲ್ಲಿ ಹೊರಗೆ ಗಲಾಟೆ ಕೇಳಿಸಿತು. ಬಸ್ಸಿನವರ ಮೂಲಕ ಆಕೆಯ ತವರೂರು ಶೆಟ್ಟಿಕೆರೆಗೆ ಸುದ್ದಿ ಹೋಗಿ ಆಕೆಯ ಅಣ್ಣ ಬೈಕಿನಲ್ಲಿ ಬಂದಿಳಿದಿದ್ದ. ನೇರ ಒಳಗೆ ನುಗ್ಗಿದ.

"ನನ್ ತಂಗಿಗೆ ಏನೋ ಹಾಕವ್ರೆ ಕಣ್ರೀ ಡಾಕ್ಟ್ರೇ! ಮಕ್ಕಳಾಗ್ಲಿಲ್ಲ ಅಂತ ಈ ಮುದುಕಿ ಹಂಗಿಸ್ತಾನೇ ಇದ್ಲು. ಮೊದ್ಲು ಹೊಟ್ಟೆ ತೊಳೀರಿ. ನಾನು ಸ್ಟೇಷನ್‌ಗೆ ಹೋಗ್ಬತ್ತೀನಿ."

"ಹಾಕೋದಾಗಿದ್ರೆ ಬಸ್ ಹತ್ತಿಸ್ಕೊಂಡು ಇಲ್ಲಿಗ್ಯಾಕೆ ತರ್ತಿದ್ದೆ ಕಣಪ್ಪ?" ಎಂದಳು ಅತ್ತೆ. ದನಿ ಏರಿಸಲಿಲ್ಲ. ತಪ್ಪು ಮಾಡಿದವರೂ ಇದೇ ಮಾತನ್ನು ಆಡಬಹುದು ಎಂದು ನನಗನ್ನಿಸಿತು.

ನಾನು ಗಂಡನ ಕಡೆ ನೋಡಿದೆ. ಹೆತ್ತ ತಾಯಿಯ ಮೇಲೆ ಕೊಲೆಯ ಮಾತು ಬಂದಿದೆ. ಅಲ್ಲಿಯವರೆಗೆ ಎಲ್ಲ ಪ್ರಶ್ನೆಗೂ ತಾನೇ ಮುಂದಾಗಿ ಉತ್ತರಿಸುತ್ತಿದ್ದವನು ಈಗ ಗೋಡೆಯ ಮೇಲಿನ ಕುಟುಂಬ ಯೋಜನೆಯ ಚಿತ್ರವನ್ನು ನೋಡುತ್ತ ನಿಂತಿದ್ದ.

ನರ್ಸ್ ಆಗಲೇ ಹೊಟ್ಟೆ ತೊಳೆಯುವ ರಬ್ಬರ್ ಕೊಳವೆ, ಆಲಿಕೆ, ಬಕೆಟ್ ನೀರು ತಂದಿಟ್ಟಿದ್ದಳು. ವಿಷದ ಅನುಮಾನ ಬಂದರೆ ಮೊದಲು ಮಾಡುವ ಕೆಲಸ ಅದು. ಹೆಬ್ಬೆರಳು ದಪ್ಪದ ಆ ಕೊಳವೆಗೆ ಎಣ್ಣೆ ಸವರಿ ಬಾಯಿಂದ ಜಠರಕ್ಕೆ ಇಳಿಸಬೇಕು. ಅಣ್ಣ ಬಾಗಿಲಲ್ಲೇ ನಿಂತಿದ್ದ. ಕೊಳವೆ ಕೈಗೆತ್ತಿಕೊಂಡೆ. ಆಕೆಯ ಬೆರಳು ಇನ್ನೂ ಎದೆಯ ಮೇಲೆ ಅದೇ ಜಾಗದಲ್ಲಿತ್ತು. ಅನ್ನನಾಳದ ಆ ಜಾಗದಲ್ಲಿ ಹುಣ್ಣಾಗಿದ್ದರೆ ಗೋಡೆ ಒದ್ದೆ ಕಾಗದದಂತೆ ಮೆತ್ತಗಾಗಿರುತ್ತದೆ. ಕೊಳವೆಯ ತುದಿ ಅದನ್ನು ತೂತು ಮಾಡಿದರೆ ಜೊಲ್ಲು, ಗಾಳಿ ಎಲ್ಲ ಎದೆಗೂಡಿಗೆ ನುಗ್ಗುತ್ತದೆ. ಆಮೇಲೆ ತುಮಕೂರಿಗೆ ಒಯ್ದರೂ ಉಳಿಸಿಕೊಳ್ಳುವುದು ಕಷ್ಟ. ವಿಷವೇ ಆಗಿದ್ದು ನಾನು ತೊಳೆಯದೆ ಬಿಟ್ಟರೂ ಆಕೆ ಉಳಿಯುವುದಿಲ್ಲ.

ಕೊರಳಿನ ಬುಡದ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದೆ. ತೂತಾಗಿ ಗಾಳಿ ಸೋರಿದ್ದರೆ ಚರ್ಮದಡಿಯಲ್ಲಿ ಚರಚರ ಎನ್ನುತ್ತದೆ. ಎನ್ನಲಿಲ್ಲ. ಜ್ವರವಿರಲಿಲ್ಲ. ನಾಡಿ ವೇಗವಾಗಿದ್ದರೂ ಬಲವಾಗಿತ್ತು. ಕೊಳವೆಯನ್ನು ಟ್ರೇಗೆ ವಾಪಸು ಹಾಕಿ, "ಬೇಡ ಸಿಸ್ಟರ್, ತೆಗೆದಿಡಿ. ಡ್ರಿಪ್ ಹಾಕೋಣ" ಎಂದೆ.

ಅಣ್ಣ ಸಿಡಿದ. "ಅವ್ರು ದುಡ್ಡುಗಿಡ್ಡು ಕೊಟ್ರಾ ನಿಮ್ಗೆ?"

"ನೀವು ಸ್ಟೇಷನ್‌ಗೆ ಹೋಗಬಹುದು" ಎಂದೆ. "ಅವರು ಬಂದರೆ ನಾನು ಕಂಡಿದ್ದನ್ನ ಬರೆದುಕೊಡ್ತೀನಿ. ನೀವು ಹೇಳಿದ್ದನ್ನಲ್ಲ. ಉಗುಳನ್ನ ಸೀಸೆಯಲ್ಲಿ ತೆಗೆದು ಸೀಲ್ ಮಾಡಿಡ್ತೀನಿ. ವಿಷದ ಒಂದು ಗುರುತು ಕಂಡರೂ ಪೊಲೀಸರಿಗೆ ನಾನೇ ಹೇಳಿ ಕಳಿಸ್ತೀನಿ."

ಅವನು ಹೋಗಲೂ ಇಲ್ಲ, ನಂಬಲೂ ಇಲ್ಲ. ವಾರ್ಡಿನ ಬಾಗಿಲಿಗೆ ಅಡ್ಡವಾಗಿ ಬೆಂಚು ಎಳೆದುಕೊಂಡು ಕೂತ. ಅತ್ತೆಯನ್ನು ಒಳಗೆ ಬರಲು ಬಿಡಲಿಲ್ಲ. ಆಕೆ ಹೊರಗೆ ಜಗಲಿಯ ಕಂಬಕ್ಕೆ ಒರಗಿ ಕೂತಳು.

ನನಗೆ ಸೊಸೆಯ ಜೊತೆ ಒಂಟಿಯಾಗಿ ಮಾತಾಡಬೇಕಿತ್ತು. ಗಂಡ ಮಂಚದ ಪಕ್ಕದಿಂದ ಕದಲುತ್ತಿರಲಿಲ್ಲ. ಆಮ್ಲವನ್ನು ತಣಿಸುವ ಬಿಳಿ ಔಷಧ ಮತ್ತು ಗಂಟಲು ಮರಗಟ್ಟಿಸುವ ಇನ್ನೊಂದು ದ್ರವ ನಮ್ಮಲ್ಲಿ ನಿಜವಾಗಿಯೂ ಇರಲಿಲ್ಲ. ಚೀಟಿ ಬರೆದು, ತುರುವೇಕೆರೆಗೆ ಹೋಗಿ ತರಲು ಅವನಿಗೆ ಹೇಳಿದೆ. ಅವನು ಅಣ್ಣನನ್ನು ನೋಡಿದ. ಹೆಂಡತಿಯನ್ನು ನೋಡಿದ. ಆಕೆಗೆ ಕಣ್ಣಲ್ಲೇ ಏನೋ ಹೇಳಿ ಹೊರಟ. ಆ ನೋಟವನ್ನು ನರ್ಸ್ ಕೂಡ ಗಮನಿಸಿದ್ದಳು.

ಬಸ್ಸು ಹೋದ ಸದ್ದಾದ ಮೇಲೆ ಅಣ್ಣನಿಗೆ "ಹೆಂಗಸರ ಪರೀಕ್ಷೆ" ಎಂದು ಹೇಳಿ ಬಾಗಿಲು ಹಾಕಿದೆ.

"ರಾತ್ರಿ ಊಟ ಆದ್ಮೇಲೆ ಏನು ನುಂಗಿದೆ?"

ಆಕೆ ತಲೆಯಾಡಿಸಿದಳು. ಏನೂ ಇಲ್ಲ.

ನಾನು ಮಂಚದ ತುದಿಯಲ್ಲಿ ಕೂತೆ. "ನೋಡಮ್ಮ, ಹೊರಗೆ ನಿಮ್ಮಣ್ಣ ನಿಮ್ಮತ್ತೆ ವಿಷ ಹಾಕಿದ್ರು ಅಂತಾ ಇದ್ದಾರೆ. ಪೊಲೀಸ್ ಬಂದ್ರೆ ಮೊದ್ಲು ಕರ್ಕೊಂಡು ಹೋಗೋದು ಅವರನ್ನೇ. ಅವರು ಹಾಕಿದ್ರಾ?"

ಆಕೆಯ ಕಣ್ಣು ದೊಡ್ಡದಾಯಿತು. ಮಾತು ತುಂಡು ತುಂಡಾಗಿ, ನಡುವೆ ಲೋಟಕ್ಕೆ ಉಗುಳುತ್ತ ಹೊರಬಂತು. "ಅತ್ತೆಮ್ಮ ಅಲ್ಲ… ಅವ್ರಿಗೆ ಗೊತ್ತೇ ಇಲ್ಲ… ಮಕ್ಕಳಾಗೋ ಮಾತ್ರೆ ಡಾಕ್ಟ್ರಮ್ಮ. ಇವ್ರೇ ತಂದುಕೊಟ್ರು. ಯಾರ್ಗೂ ಹೇಳ್ಬೇಡ, ಹೇಳಿದ್ರೆ ಫಲ ಸಿಗಲ್ಲ ಅಂದ್ರು."

"ಹೇಗೆ ನುಂಗ್ತಿದ್ದೆ?"

ನೀರಿನ ಗುಡಾಣ ಅತ್ತೆ ಮಲಗುವ ನಡುಮನೆಯಲ್ಲಿತ್ತು. ಎದ್ದು ಹೋದರೆ ಅತ್ತೆಗೆ ಎಚ್ಚರವಾಗುತ್ತದೆ, ಯಾಕೆ ಎದ್ದೆ ಎಂದು ಕೇಳುತ್ತಾಳೆ. ಅದಕ್ಕೆ ಚಾಪೆಯ ಮೇಲೆ ಮಲಗಿದ ಮೇಲೆ, ಕತ್ತಲಲ್ಲಿ, ನೀರಿಲ್ಲದೆ, ಬರೀ ಉಗುಳಿನಲ್ಲಿ ನುಂಗಿ ಮಗ್ಗುಲಾಗುತ್ತಿದ್ದಳು. ಮೊದಲ ದಿನಗಳಲ್ಲಿ ಏನೂ ಆಗಿರಲಿಲ್ಲ. ನಿನ್ನೆಯದು ಎದೆಯಲ್ಲಿ ನಿಂತಂತಾಯಿತು. ಇಳಿದೀತು ಎಂದು ಹಾಗೆಯೇ ನಿದ್ದೆ ಹೋದಳು. ಎದ್ದಾಗ ಕೆಂಡ.

"ಒಂದಾದ್ರೂ ಉಳಿದಿದೆಯಾ?"

ಸೆರಗಿನ ತುದಿಯ ಗಂಟನ್ನು ಬಿಚ್ಚಿದಳು. ಅರ್ಧ ಕೆಂಪು, ಅರ್ಧ ಹಳದಿಯ ಒಂದೆರಡು ಕ್ಯಾಪ್ಸೂಲ್ ಇದ್ದವು. ಬೆವರಿಗೆ ಮೆತ್ತಗಾಗಿ ಬಟ್ಟೆಗೆ ಅಂಟಿದ್ದವು. ಮೇಲಿನ ಅಕ್ಷರ ಓದಿದೆ: ಟೆಟ್ರಾಸೈಕ್ಲಿನ್.

ಈಗ ಎರಡು ವಿಷಯ ಒಟ್ಟಿಗೆ ತಲೆಯಲ್ಲಿ ಓಡಿದವು. ಮೊದಲನೆಯದು ಸಮಾಧಾನದ್ದು. ನಾನು ಕಲಿಯುತ್ತಿದ್ದಾಗ ಹೃದ್ರೋಗದ ವಾರ್ಡಿನಲ್ಲಿ ಒಬ್ಬ ಮುದುಕರ ಅನ್ನನಾಳದಲ್ಲಿ ಪೊಟ್ಯಾಸಿಯಂ ಮಾತ್ರೆ ಸಿಕ್ಕಿಕೊಂಡು ಹುಣ್ಣಾಗಿದ್ದನ್ನು ನೋಡಿದ್ದೆ. ಕಬ್ಬಿಣದ ಮಾತ್ರೆಯಿಂದಲೂ ಈ ಗುಂಪಿನ ಕ್ಯಾಪ್ಸೂಲಿನಿಂದಲೂ ಹಾಗಾಗುತ್ತದೆ ಎಂದು ಆಮೇಲೆ ಓದಿದ್ದೆ. ಸ್ಪಿರಿಟ್ ದೀಪದ ಪಕ್ಕ ನೀಲಿ ಲಿಟ್ಮಸ್ ಕಾಗದವಿತ್ತು. ಒಂದು ಕ್ಯಾಪ್ಸೂಲ್ ಬಿಡಿಸಿ ಹಳದಿ ಪುಡಿಯನ್ನು ಚಮಚದಷ್ಟು ನೀರಿನಲ್ಲಿ ಕಲಸಿ ಕಾಗದ ಅದ್ದಿದೆ. ನೋಡುತ್ತಿದ್ದಂತೆ ಕೆಂಪಗಾಯಿತು. ಆ ಹುಳಿಯೇ ಒಂದೇ ಜಾಗದಲ್ಲಿ ಕೂತು ಬೆಳಗಿನವರೆಗೆ ಮೃದುವಾದ ಗೋಡೆಯನ್ನು ಸುಟ್ಟಿತ್ತು.

ಎರಡನೆಯದು ಬೇರೆ. ಟೆಟ್ರಾಸೈಕ್ಲಿನ್ ಸೋಂಕಿನ ಔಷಧ. ಮಕ್ಕಳಾಗಲು ಅದನ್ನು ಯಾರೂ ಕೊಡುವುದಿಲ್ಲ. ಬಸಿರಾದರೆ ಹುಟ್ಟುವ ಕೂಸಿನ ಹಲ್ಲನ್ನೂ ಅದು ಕೆಡಿಸುತ್ತದೆ. ಹಾಗಾದರೆ ಗಂಡ ಯಾವ ಸೋಂಕನ್ನು ಮುಚ್ಚಿಡುತ್ತಿದ್ದಾನೆ?

"ಸರಿಯಮ್ಮ" ಎಂದಷ್ಟೇ ಹೇಳಿ ಎದ್ದೆ.

ಅವನು ತುರುವೇಕೆರೆಯಿಂದ ಔಷಧ ತಂದ. ಒಂದು ಚಮಚ ಮರಗಟ್ಟಿಸುವ ದ್ರವ ಇಳಿದದ್ದೇ ಆಕೆ ಆ ದಿನ ಮೊದಲ ಸಲ ಜೊಲ್ಲು ನುಂಗಿದಳು, ನುಂಗಿ ಆಶ್ಚರ್ಯದಿಂದ ನನ್ನನ್ನು ನೋಡಿದಳು. ನಾನು ಗಂಡನನ್ನು ಕಟ್ಟಡದ ಹಿಂದೆ, ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಅಂಗೈಯಲ್ಲಿ ಕ್ಯಾಪ್ಸೂಲ್ ತೋರಿಸಿದೆ.

"ಮೆಡಿಕಲ್ ಸ್ಟೋರ್‌ನವ್ನು ಶಕ್ತಿಗೆ ಅಂತ ಕೊಟ್ಟ…"

"ನೀವೂ ಇದನ್ನೇ ತಗೋತಿದ್ದೀರಾ?"

ಅವನು ಮೊದಲು ಕೋಪಿಸಿಕೊಂಡ. "ಏನ್ ಮಾತು ಡಾಕ್ಟ್ರೇ ಇದು?" ಎಂದ. ಅವನು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ. ಹಣೆಯ ವಿಭೂತಿ ಹೋಯಿತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ. ಲಾರಿಯ ಜೊತೆ ಹೋದಾಗ ಒಂದು ಊರಿನಲ್ಲಿ ತಪ್ಪು ಮಾಡಿದ್ದ. ಗುಪ್ತರೋಗ ಅಂಟಿತ್ತು. ಖಾಸಗಿ ವೈದ್ಯರೊಬ್ಬರು ಗಂಡ ಹೆಂಡತಿ ಇಬ್ಬರೂ ಈ ಔಷಧ ತೆಗೆದುಕೊಳ್ಳಲೇಬೇಕು ಎಂದಿದ್ದರು. ಹೆಂಡತಿಗೆ ಏನು ಹೇಳಿ ಕೊಡುವುದು? ಆಕೆ ಮರುಮಾತಿಲ್ಲದೆ ನುಂಗುವ ಒಂದೇ ಸುಳ್ಳು ಅವನಿಗೆ ಹೊಳೆದಿತ್ತು.

"ನಿಮ್ಮ ತಾಯಿಗೆ ಕೊಲೆಗಾತಿ ಅಂದಾಗ ನೀವು ಪಕ್ಕದಲ್ಲೇ ಇದ್ರಲ್ಲ?"

"ನಾನು ಕೊಟ್ಟ ಮಾತ್ರೆಯಿಂದ್ಲೇ ಅಂತ ಹೆಂಗೆ ಹೇಳ್ಲಿ… ಅವ್ಳಿಗೆ ಹೇಳ್ಬೇಡಿ. ಕೈ ಮುಗೀತೀನಿ."

"ಅವಳ ಮೈಗೆ ಏನಾಗಿದೆ ಅಂತ ಅವಳಿಗೆ ಗೊತ್ತಾಗ್ಲೇಬೇಕು. ನೀವೇ ಹೇಳಿ. ನಾಳೆ ನಾನು ರೌಂಡ್ಸ್‌ಗೆ ಬರೋವರೆಗೂ ಕಾಯ್ತೀನಿ."

ಅಣ್ಣನನ್ನು ನಂಬಿಸುವ ಕೆಲಸ ಇನ್ನೂ ಬಾಕಿಯಿತ್ತು. ಗಂಡನ ರೋಗದ ಮಾತು ಎತ್ತುವ ಹಾಗಿರಲಿಲ್ಲ. ನರ್ಸ್ ಮನೆಯಿಂದ ಒಂದು ತೆಂಗಿನಕಾಯಿ ತರಿಸಿ ಅವನ ಎದುರೇ ಒಡೆಸಿದೆ. ಹೋಳಿನ ಒಳಗಿನ ಒದ್ದೆ ಕಾಯಿಯ ಮೇಲೆ ಉಳಿದಿದ್ದ ಕ್ಯಾಪ್ಸೂಲ್ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಹೋಳನ್ನು ಅವನ ಕೈಗೆ ಕೊಟ್ಟೆ.

"ತಲೆಕೆಳಗು ಮಾಡಿ ಅಲ್ಲಾಡ್ಸಿ."

ಅಲ್ಲಾಡಿಸಿದ. ಬೀಳಲಿಲ್ಲ. ಬೆರಳಿನಿಂದ ನೂಕಿದ. ಕ್ಯಾಪ್ಸೂಲಿನ ಸಿಪ್ಪೆ ಗೋಂದಿನಂತೆ ಎಳೆಯಾಗಿ ಬಂತು, ಹಳದಿ ಪುಡಿ ಕಾಯಿಗೆ ಮೆತ್ತಿತು. ಲಿಟ್ಮಸ್ ಕಾಗದವನ್ನೂ ತೋರಿಸಿದೆ. "ನಿಮ್ಮ ತಂಗಿ ನೀರು ಕುಡೀದೆ ಮಲಗಿಕೊಂಡು ನುಂಗಿದ್ದು ಇದನ್ನ. ಎದೆಯಲ್ಲಿ ಹೀಗೇ ಅಂಟಿಕೊಂಡಿತ್ತು. ಇದು ವಿಷ ಅಲ್ಲ, ಔಷಧ."

ಅವನು ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದ. "ಯಾತಕ್ಕೆ ಔಷಧ?"

"ಅದನ್ನ ನಿಮ್ಮ ತಂಗಿ ಹೇಳ್ಬೇಕು. ನಾನಲ್ಲ."

ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ. ಆದರೆ ಬಾಗಿಲಿಗೆ ಅಡ್ಡವಿದ್ದ ಬೆಂಚನ್ನು ಸರಿಸಿದ. ಹೊರಗೆ ಹೋಗಿ ಎಲ್ಲಿಂದಲೋ ಕಾಫಿ, ಬನ್ನು ತಂದು ಜಗಲಿಯಲ್ಲಿ ಕೂತಿದ್ದ ಮುದುಕಿಯ ಪಕ್ಕ ಇಟ್ಟ. ಆಕೆ ಕಾಫಿ ಕುಡಿದಳು. ಸಂಜೆಯ ಹೊತ್ತಿಗೆ ಅವನು ಶೆಟ್ಟಿಕೆರೆಗೆ ಹೊರಟ.

ಮರುದಿನ ರೌಂಡ್ಸ್‌ಗೆ ಹೋದಾಗ ಗಂಡ ಇನ್ನೂ ಹೇಳಿರಲಿಲ್ಲ. ನನ್ನನ್ನು ಕಂಡ ಕೂಡಲೇ ಎದ್ದು ಹೊರಗೆ ಹೋದ. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು: "ನಿನ್ನೆ ಮಕ್ಕಳಾಗೋ ಮಾತ್ರೆ ಅಂದಾಗ ನೀವು ಸರಿಯಮ್ಮ ಅಂದು ಎದ್ದೋದ್ರಿ. ನಿಮ್ಮ ಮುಖ ನೋಡ್ದೆ. ಅದು ಯಾತರ ಮಾತ್ರೆ?"

ಹೇಳಿದೆ. ಮೆತ್ತಗೆ ಹೇಳಲು ನೋಡಿದೆ, ಆದರೆ ಯಾವುದನ್ನೂ ಬಿಡಲಿಲ್ಲ. ಇಂಜೆಕ್ಷನ್ ಕೊಟ್ಟರೆ ವಾಸಿಯಾಗುತ್ತದೆ, ನುಂಗಬೇಕಾಗಿಲ್ಲ, ಮುಂದೆ ಮಕ್ಕಳಾಗಲು ಅಡ್ಡಿ ಬರಬಾರದೆಂದರೆ ಈಗಲೇ ಪೂರ್ತಿ ವಾಸಿಯಾಗಬೇಕು ಎಂದೆ. ಆಕೆ ಅಳಲಿಲ್ಲ. ಮಂಚದ ಕಬ್ಬಿಣದ ಸರಳನ್ನು ಹಿಡಿದುಕೊಂಡಳು.

"ದಿನಾ ನುಂಗೋ ಮುಂಚೆ ಕೈ ಮುಗೀತಿದ್ದೆ ಡಾಕ್ಟ್ರಮ್ಮ" ಎಂದಳು. ಆಮೇಲೆ, "ಅವ್ರಿಗೂ ಇಂಜೆಕ್ಷನ್ ಕೊಡಿ. ನನ್ನ ಕಣ್ಣೆದ್ರಿಗೇ ಕೊಡಿ. ಇನ್ನು ಅವ್ರು ಹೇಳಿದ್ದು ನಂಬಕ್ಕಾಗಲ್ಲ."

ಹಾಗೆಯೇ ಮಾಡಿದೆ. ಚರ್ಮದ ಮೇಲೆ ಪರೀಕ್ಷೆಯ ಹನಿ ಕೊಟ್ಟು ಕಾದು, ಇಬ್ಬರಿಗೂ ಪೆನಿಸಿಲಿನ್ ಚುಚ್ಚಿದೆ. ಔಷಧ ಬಿಟ್ಟು ಆಕೆಯ ಬಾಯಿಗೆ ಮೊದಲು ಬೇರೇನೂ ಕೊಡಲಿಲ್ಲ. ಡ್ರಿಪ್ಪಿನಲ್ಲೇ ಇಟ್ಟು, ಗಂಟೆಗಂಟೆಗೆ ಬಿಳಿ ಔಷಧ ಕೊಡಿಸಿದೆ. ತಲೆಯ ಕಡೆ ಮಂಚದ ಕಾಲಿನಡಿ ಇಟ್ಟಿಗೆ ಇಡಿಸಿದೆ. ದಿನವೂ ಕೊರಳು ಒತ್ತಿ ನೋಡುತ್ತಿದ್ದೆ, ಜ್ವರ ನೋಡುತ್ತಿದ್ದೆ. ಒಂದು ಸಂಜೆ ನಾಡಿ ಏರಿ ಮೈ ಬೆಚ್ಚಗಾದಾಗ ತುಮಕೂರಿಗೆ ಕಳಿಸಲು ಜೀಪಿಗೆ ಹೇಳಿಯೂ ಬಿಟ್ಟಿದ್ದೆ. ಜೀಪು ಬರುವಷ್ಟರಲ್ಲಿ ಬೆವರಿ ಜ್ವರ ಇಳಿಯಿತು. ಆಮೇಲೆ ತಣ್ಣನೆಯ ಹಾಲು ಇಳಿಯಿತು. ಆಮೇಲೆ ರಾಗಿ ಗಂಜಿ. ಗಂಜಿಯನ್ನು ಅತ್ತೆಯೇ ಮಾಡಿ ಆರಿಸಿ, ಚಮಚ ಚಮಚವಾಗಿ ಕುಡಿಸುತ್ತಿದ್ದಳು. "ನಿಧಾನ ಕಣೇ, ಯಾರು ಅಟ್ಟಿಸ್ಕೊಂಡು ಬತ್ತಾವ್ರೆ" ಎನ್ನುತ್ತಿದ್ದಳು. ಗಮಾಕ್ಸಿನ್ ವಾಸನೆಯ ಬಗ್ಗೆ ನಾನು ಒಮ್ಮೆ ಕೇಳಿಯೇಬಿಟ್ಟೆ. "ಮರ ಹತ್ತೋನು ಬಂದಿದ್ದ, ಮರಳು ಕಲಸಿಕೊಟ್ಟೆ. ಇವ್ಳು ಕೂಗಿದ್ಳು, ಸೀರೆ ಬದಲಾಯಿಸೋಕೂ ಹೊತ್ತಿರ್ಲಿಲ್ಲ" ಎಂದಳು. ಅಷ್ಟೇ ಆಗಿತ್ತು.

ಮನೆಗೆ ಕಳಿಸುವ ದಿನ ಸೊಸೆ ಮುದ್ದೆಯ ಸಣ್ಣ ತುತ್ತನ್ನು ನೋವಿಲ್ಲದೆ ನುಂಗಿದಳು. ಜಗಲಿಯಲ್ಲಿ ಗಂಡ ಚೀಲ ಹಿಡಿದು ನಿಂತಿದ್ದ, ಅತ್ತೆ ಕಂಬದ ಪಕ್ಕ ಕೂತಿದ್ದಳು. ನಾನು ಚೀಟಿ ಬರೆಯುತ್ತ ಕಿಟಕಿಯ ಒಳಗಿದ್ದೆ. ಸೊಸೆ ಹೋಗಿ ಅತ್ತೆಯ ಪಕ್ಕ ಕೂತು ಗಂಡನ ಕಡೆ ತಿರುಗಿದಳು.

"ಅತ್ತೆಮ್ಮನ ಮೇಲೆ ವಿಷದ ಮಾತು ಬಂದಾಗ ಬಾಯಿ ಮುಚ್ಕೊಂಡು ನಿಂತಿದ್ರಲ್ಲ. ಈಗ ಹೇಳಿ. ನೀವು ಹೇಳ್ದೆ ನಾನು ಇಲ್ಲಿಂದ ಏಳಲ್ಲ."

ಅವನು ನನ್ನ ಕಿಟಕಿಯ ಕಡೆ ನೋಡಿದ. ನಾನು ತಲೆ ಎತ್ತಲಿಲ್ಲ. ಕೊನೆಗೆ ಹೇಳಿದ. ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು, ನೆಲ ನೋಡುತ್ತ, ಅರ್ಧರ್ಧ ಮಾತಿನಲ್ಲಿ ಎಲ್ಲವನ್ನೂ ಹೇಳಿದ. ಮುದುಕಿ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಆಕೆ ಪೂರ್ತಿ ಕೇಳಿ, ಕೈಯೂರಿ ಎದ್ದಳು. ಮಗನ ಕೈಯಿಂದ ಬಟ್ಟೆಯ ಚೀಲವನ್ನು ತೆಗೆದುಕೊಂಡಳು.

"ಏಳು ಕೂಸೇ, ಬಸ್ ಬಂತು."

ಬಸ್ಸು ಆಸ್ಪತ್ರೆಯ ಮುಂದೆಯೇ ನಿಂತಿತು. ಆಕೆ ಸೊಸೆಯನ್ನು ಮೊದಲು ಹತ್ತಿಸಿ ತಾನೂ ಹತ್ತಿ, ಬಾಗಿಲಿನಲ್ಲಿ ಹಿಂದೆ ತಿರುಗಿ ನಿಂತಳು. ಮಗ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದ. ಆಕೆ ಬಾಗಿಲಿನಿಂದ ಕದಲಲಿಲ್ಲ.

ಕಂಡಕ್ಟರ್ ಕೇಳಿದ: "ಎಷ್ಟು ಜನಾಮ್ಮ?"

"ಇಬ್ರು ಕಣಪ್ಪ" ಎಂದಳು. "ರೈಟ್ ಹೇಳು."